ಪ್ರಿಯಂವದಾಳ ಸಮಾಧಾನ

ಪ್ರಿಯಂವದಾ ಯೋಗ ಕಲಿಯಲು ಹೋದದ್ದು ಬೆನ್ನುನೋವಿಗೆ. ಅತ್ತೆ ಗೋದೂಬಾಯಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮುದುಕಿ ಮೈಕೈ ತುಂಬಿಕೊಂಡ ಆಳು. ಎಬ್ಬಿಸಿ ಕೂರಿಸುವುದು, ಮಗ್ಗುಲು ಹೊರಳಿಸುವುದು, ಬಚ್ಚಲಿಗೆ ಒಯ್ಯುವುದು ಎಲ್ಲವೂ ಸೊಸೆಯ ಪಾಲಿಗೆ ಬಂತು. ಗಂಡ ಋಷಿಕೇಶ ವಿಮಾ ಕಚೇರಿಯಲ್ಲಿ ಅಧಿಕಾರಿ. ಅರ್ಧ ವಾರ ಬ್ಯಾಡಗಿಯ ಶಾಖೆಯಲ್ಲಿ ಕೆಲಸವಿರುತ್ತದೆಂದು ಅಲ್ಲೇ ಉಳಿಯುತ್ತಿದ್ದ. ಮಕ್ಕಳಿರಲಿಲ್ಲ.

ಹಾವೇರಿಯ ಆ ಮನೆಗೆ ಬಂದು ತಲೆಗೂದಲು ಬೆಳ್ಳಗಾಗತೊಡಗಿದ್ದರೂ ಅವಳಿಗೆ ಅದು ಅತ್ತೆಯ ಮನೆಯಾಗಿಯೇ ಉಳಿದಿತ್ತು. ಬೇಳೆಯ ಡಬ್ಬಿ ಯಾವ ಕಪಾಟಿನಲ್ಲಿರಬೇಕು ಎಂಬುದನ್ನು ಗೋದೂಬಾಯಿ ಹಾಸಿಗೆಯಿಂದಲೇ ಹೇಳುತ್ತಿದ್ದಳು. ತವರೂ ಉಳಿದಿರಲಿಲ್ಲ. ಮೋಟೆಬೆನ್ನೂರಿನ ಮನೆಯ ಮುಂಭಾಗ ಹೆದ್ದಾರಿ ಅಗಲ ಮಾಡುವಾಗ ಹೋಯಿತು. ಹಿಂದಿನ ಎರಡು ಖೋಲಿಗಳನ್ನು ಅಣ್ಣ ಮಾರಿ ಪುಣೆ ಸೇರಿದ.

ಬಡಾವಣೆಯ ಸಭಾಭವನದಲ್ಲಿ ಬೆಳಿಗ್ಗೆ ಯೋಗದ ವರ್ಗ ನಡೆಯುತ್ತಿತ್ತು. ಹೊಸರಿತ್ತಿಯ ಕಡೆಯ ಜಯವ್ವ, ನಿವೃತ್ತ ವ್ಯಾಯಾಮ ಶಿಕ್ಷಕಿ, ಕಲಿಸುತ್ತಿದ್ದಳು. ಮೊದಲ ದಿನ ಆಸನಗಳೆಲ್ಲ ಮುಗಿದ ಮೇಲೆ ಎಲ್ಲರನ್ನೂ ಅಂಗಾತ ಮಲಗಿಸಿ ಜಯವ್ವ ಹೇಳಿದಳು: "ಕಣ್ಣ ಮುಚ್ಚಿಕೊಳ್ರಿ. ಇನ್ನ ಸ್ವಲ್ಪ ಹೊತ್ತು ಯಾರೂ ನಿಮ್ಮನ್ನ ಕರಿಯಂಗಿಲ್ಲ."

ಆ ಮಾತು ಕೇಳಿದ್ದೇ ಪ್ರಿಯಂವದಾಳ ಕಣ್ಣಿನಿಂದ ನೀರು ಇಳಿದು ಕಿವಿಗಳಲ್ಲಿ ತುಂಬಿತು. ಏಕೆ ಅಳು ಬಂತೆಂದು ಅವಳಿಗೇ ಗೊತ್ತಾಗಲಿಲ್ಲ.

ಬೆನ್ನು ಹಗುರಾದ ಮೇಲೂ ಅವಳು ಬಿಡಲಿಲ್ಲ. ಧ್ಯಾನ ಕಲಿತಳು. ಹಾಲಿನವನು ಬರುವ ಮೊದಲೇ ಎದ್ದು ದೇವರ ಮುಂದಿನ ಇಕ್ಕಟ್ಟಿನಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದಳು. ಉಸಿರಿನ ಬೆನ್ನು ಹತ್ತಿ ಹೋದರೆ ಎದೆಯ ಕೆಳಗೆಲ್ಲೋ ಒಂದು ಜಾಗ ಸಿಗುತ್ತಿತ್ತು. ಅಲ್ಲಿ ಒರೆಸಬೇಕಾದ ನೆಲವಿರಲಿಲ್ಲ, ಯಾರದೂ ಔಷಧದ ಹೊತ್ತಾಗುತ್ತಿರಲಿಲ್ಲ. ಇದೇ ನನ್ನ ಮನೆ ಎಂದು ಒಂದು ದಿನ ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು. ಅಷ್ಟು ವಯಸ್ಸಿನಲ್ಲಿ ಮೊದಲ ಸಲ ಹಾಗನ್ನಿಸಿದ್ದು.

ಮನೆಯವರಿಗೆ ಕಂಡದ್ದು ಬೇರೆ. ಮೊದಲು ಎದುರು ಮಾತಾಡುತ್ತಿದ್ದವಳು ಸುಮ್ಮನಾದಳು. ಪಾತ್ರೆ ಕುಕ್ಕುವುದು ನಿಂತಿತು. ಬಂದುಹೋದವರ ಮುಂದೆ ಋಷಿಕೇಶ ಹೆಂಡತಿಯನ್ನು ಹೊಗಳತೊಡಗಿದ. ನೆಂಟರು ಊರಿಗೆ ಹೋಗುವಾಗ ತಮ್ಮ ಮುದುಕರನ್ನು ಇವಳ ಹತ್ತಿರ ಬಿಟ್ಟುಹೋದರು. ಬ್ಯಾಡಗಿಯ ಕೆಲಸವೂ ಅರ್ಧ ವಾರದಿಂದ ಮುಕ್ಕಾಲು ವಾರಕ್ಕೆ ಬೆಳೆಯಿತು.

ಒಂದು ಭಾನುವಾರ ಊಟಕ್ಕೆ ಕೂತಾಗ ಋಷಿಕೇಶ ತಾನಾಗಿಯೇ ವಿಷಯ ತೆಗೆದ. ಬ್ಯಾಡಗಿಯಲ್ಲಿ ನಂದಿತಾ ಎಂಬ ಶಾಲಾ ಶಿಕ್ಷಕಿ ಇದ್ದಾಳೆ, ತಾನು ಅವಳ ಜೊತೆ ಸಂಸಾರ ಮಾಡುತ್ತಿದ್ದೇನೆ, ಕೆಲವು ವರ್ಷಗಳೇ ಆದವು ಎಂದ. ಅವನ ದನಿಯಲ್ಲಿ ಭಯವಿರಲಿಲ್ಲ.

"ಬ್ಯಾರೆ ಹೆಂಗಸಾಗಿದ್ರ ನಾ ಹೇಳ್ತಿರಲಿಲ್ಲ. ನೀ ಇದನ್ನೆಲ್ಲಾ ದಾಟಿ ನಿಂತೀದಿ, ಅದಕ್ಕ ಹೇಳ್ಲಿಕ್ಕತ್ತೀನಿ" ಎಂದ.

ಪ್ರಿಯಂವದಾ ಉಸಿರು ಎಳೆದುಕೊಂಡಳು, ಬಿಟ್ಟಳು. ಸಾರು ಬಡಿಸಿದಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡ.

ಮುಂದಿನ ತಿಂಗಳು ಯೋಗ ದಿನಾಚರಣೆಗೆ ಬಡಾವಣೆಯವರು ಅವಳನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಧ್ಯಾನದಿಂದ ಮನೆ ಹೇಗೆ ನಂದನವನವಾಯಿತೆಂದು ನಾಲ್ಕು ಮಾತು ಹೇಳಿ ಎಂದರು. ಮುಂದಿನ ಸಾಲಿನಲ್ಲಿ ಋಷಿಕೇಶ ಕೂತಿದ್ದ, ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನ ಕಣ್ಣೀರು ಸುಳ್ಳಲ್ಲವೆಂದು ಅವಳಿಗೆ ತಿಳಿಯಿತು. ಅದೇ ಅವಳನ್ನು ಕಂಗೆಡಿಸಿತು. ನಮಸ್ಕಾರ ಎಂದಷ್ಟೇ ಹೇಳಿ ಕೆಳಗಿಳಿದಳು.

ಮರುದಿನ ಚಾಪೆಯ ಮೇಲೆ ಕೂತಾಗ ಒಳಗಿನ ಜಾಗ ಸಿಕ್ಕಿತು, ಆದರೆ ಖಾಲಿ ಇರಲಿಲ್ಲ. ಅಲ್ಲಿ ಋಷಿಕೇಶ ಕಾಲು ಚಾಚಿ ಮಲಗಿದ್ದ. ತಾನು ಇಷ್ಟು ದಿನ ಗುಡಿಸಿ ಸಾರಿಸಿಟ್ಟದ್ದು ಇವನ ಆರಾಮಕ್ಕೇ ಅನ್ನಿಸಿ ಅವಳು ಚಾಪೆ ಬಿಟ್ಟು ಎದ್ದಳು. ಜಯವ್ವನ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಸಿಟ್ಟು ಬಂದಾಗ ಉಸಿರು ಎಣಿಸಿರಿ, ತಾನೇ ಇಳಿಯುತ್ತದೆ ಎಂದಳು ಜಯವ್ವ. ಪ್ರಿಯಂವದಾ ಎಣಿಸಿದಳು. ಇಳಿಯಲಿಲ್ಲ. ಕೊನೆಗೆ ಎಣಿಸುವುದನ್ನು ಬಿಟ್ಟು, ಸಿಟ್ಟನ್ನು ಓಡಿಸದೆ, ಅದರ ಜೊತೆಗೇ ಕೂರತೊಡಗಿದಳು. ಹಾಗೆ ಕೂತಾಗ ಮಾತ್ರ ಆ ಜಾಗ ಮತ್ತೆ ತನ್ನದು ಅನ್ನಿಸುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ರಾಣೆಬೆನ್ನೂರಿನ ಒಂದು ಖಾಸಗಿ ಶಾಲೆಯಲ್ಲಿ ಯೋಗ ಕಲಿಸುವ ಕೆಲಸ ಹುಡುಕಿಕೊಂಡಳು. ಬೀಜದ ಅಂಗಡಿಯೊಂದರ ಮೇಲೆ ಬಾಡಿಗೆಗೆ ಖೋಲಿ ಗೊತ್ತುಮಾಡಿದಳು. ಋಷಿಕೇಶನಿಗೆ ಹೇಳುವುದು ಕಷ್ಟವಾಗಲಿಲ್ಲ. ಅತ್ತೆಗೆ ಹೇಳುವುದು ಕಷ್ಟವಾಯಿತು.

ಗೋದೂಬಾಯಿ ಪೂರ್ತಿ ಕೇಳಿಸಿಕೊಂಡಳು. ಸೊಟ್ಟಗಾದ ಬಾಯಿಂದ ಮಾತು ನಿಧಾನಕ್ಕೆ ಬಂತು. "ನಾ ಏನ ಮಾಡೀನಿ ನಿನಗ?"

"ನೀವೇನೂ ಮಾಡಿಲ್ಲ ಅತ್ಯಾ."

"ಮತ್ತ ನನ್ನ ಯಾಕ ಬಿಟ್ಟು ಹೊಂಟೀದಿ?"

ಪ್ರಿಯಂವದಾ ಅತ್ತೆಯ ತಲೆ ಬಾಚಿ, ಸೀರೆ ಬದಲಿಸಿ, ಬ್ಯಾಗು ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು.

ನಂದಿತಾ ಮುದುಕಿಯ ಸೇವೆಗೆ ಬರಲು ಒಪ್ಪಲಿಲ್ಲ. ಋಷಿಕೇಶ ಇಟ್ಟ ಕೆಲಸದವಳು ಬೇಗ ಬಿಟ್ಟುಹೋದಳು. ಅವನು ತಾಯಿಯನ್ನು ಹುಬ್ಬಳ್ಳಿಯ ಒಂದು ಆರೈಕೆ ಮನೆಗೆ ಸೇರಿಸಿದ. ಪ್ರಿಯಂವದಾ ಒಮ್ಮೆ ಅಲ್ಲಿಗೆ ಹೋಗಿದ್ದಳು. ಗೋದೂಬಾಯಿ ಅರ್ಧಕ್ಕೆ ಇಳಿದಿದ್ದಳು. ಹೊರಳಿಸಿ ನೋಡಿದರೆ ಸೊಂಟದ ಮೇಲೆ ಹಾಸಿಗೆ ಹುಣ್ಣು, ಕೈಬೆರಳು ಹೋಗುವಷ್ಟು ಆಳ. ತನ್ನ ಕೈಯಲ್ಲಿ ಇದ್ದಷ್ಟು ದಿನ ಆ ಮೈಮೇಲೆ ಒಂದು ಗೀರೂ ಎದ್ದಿರಲಿಲ್ಲ. ಮುದುಕಿ ಅವಳನ್ನು ಗುರುತು ಹಿಡಿದಳು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ವಾಪಸು ಕರೆದುಕೊಂಡು ಹೋಗಿಬಿಡಲೇ ಎಂದು ಪ್ರಿಯಂವದಾ ಬಾಗಿಲ ಬಳಿ ಬಹಳ ಹೊತ್ತು ನಿಂತಳು. ಆಮೇಲೆ ಒಬ್ಬಳೇ ಬಸ್ಸು ಹತ್ತಿದಳು.

ಯುಗಾದಿಗೆ ಮೊದಲೇ ಗೋದೂಬಾಯಿ ತೀರಿಕೊಂಡಳು. ಹಾವೇರಿಯ ಮನೆಯಂಗಳದಲ್ಲಿ ನೆರೆದವರು ಸೊಸೆಗೆ ಕೇಳುವಂತೆಯೇ ಮಾತಾಡಿದರು. ಅದೇ ಜನ ಶಾಲು ಹೊದಿಸಿದ್ದರು. ಧ್ಯಾನ ಮಾಡಿ ಮಾಡಿ ಕಲ್ಲಾಗಿಹೋಗಿದ್ದಾಳೆ ಎಂದರು, ಕಣ್ಣಲ್ಲಿ ಹನಿ ನೀರಿಲ್ಲ ಎಂದರು. ಋಷಿಕೇಶ ಮಾತ್ರ ಬಿಕ್ಕಿ ಬಿಕ್ಕಿ ಅತ್ತ. ಜನ ಅವನ ಬೆನ್ನು ಸವರಿದರು.

ಈಗ ಪ್ರಿಯಂವದಾ ರಾಣೆಬೆನ್ನೂರಿನಲ್ಲೇ ಇದ್ದಾಳೆ. ದಿನಾ ಬೆಳಿಗ್ಗೆ ಕೂರುತ್ತಾಳೆ. ಕೆಲವು ದಿನ ಒಳಗಿನ ಬಾಗಿಲು ತೆರೆಯುತ್ತದೆ. ಹಲವು ದಿನ ತೆರೆಯುವುದಿಲ್ಲ. ತೆರೆದ ದಿನವೂ ಅಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ ಮುದುಕಿ ಇರುತ್ತಾಳೆ. ಅವಳನ್ನು ಎಬ್ಬಿಸಲಾಗದು, ಹೊರಗೂ ಹಾಕಲಾಗದು. ಅವಳೂ ಈ ಮನೆಯವಳೇ ಎಂದುಕೊಂಡು ಪ್ರಿಯಂವದಾ ಅವಳ ಪಕ್ಕದಲ್ಲಿ ಕೂರುತ್ತಾಳೆ.

ಸಂಜೆ ಖೋಲಿಯಲ್ಲಿ ಹೆಂಗಸರಿಗಾಗಿ ವರ್ಗ ನಡೆಸುತ್ತಾಳೆ. ಕಳೆದ ತಿಂಗಳು ಪ್ರಿಯಾಂಕಾ ಎಂಬ ಹೊಸ ಮದುವೆಯ ಹುಡುಗಿ ಬಂದಳು. ಏನು ತೊಂದರೆ ಎಂದು ಕೇಳಿದ್ದಕ್ಕೆ, ತನಗೆ ಬಹಳ ಸಿಟ್ಟು ಬರುತ್ತದೆ, ಅದನ್ನು ಕಡಿಮೆ ಮಾಡಿಕೊಂಡು ಬಾ ಎಂದು ಗಂಡನ ಮನೆಯವರು ಕಳಿಸಿದ್ದಾರೆ ಎಂದಳು.

ಪ್ರಿಯಂವದಾ ಅವಳ ಮುಖ ನೋಡಿದಳು. "ಸಿಟ್ಟ ಕಡಿಮಿ ಮಾಡೂದು ನನಗ ಬರೂದಿಲ್ಲ ಯವ್ವಾ. ಬೆನ್ನ ನೋವಿದ್ರ ಬಾ" ಎಂದಳು.

ಹುಡುಗಿ ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡಳು. ಮರುದಿನ ಅವಳು ಬರಲಿಲ್ಲ.