ನಿಂತು ಹೋಗುವ ಸಾಮಾನು

ಎರಡು ವರ್ಷದ ಹಿಂದಿನ ಮಾತು. ದಸರಾ ರಜೆ ಮುಗಿದು ಶಾಲೆ ಶುರುವಾಗಿ ನಾಲ್ಕು ದಿನವಾಗಿತ್ತು. ನಾನು ಅಣ್ಣಿಗೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಹುಟ್ಟಿನಿಂದಲೂ ನನಗೆ ಕಣ್ಣು ಕಾಣುವುದಿಲ್ಲ. ಆಗೆಲ್ಲ ಮೊಬೈಲ್ ನನ್ನ ಕಿವಿಯಲ್ಲಿ ಪಾಠ ಓದುತ್ತಿತ್ತು, ಅದನ್ನು ಕೇಳುತ್ತ ನಾನು ಮಕ್ಕಳಿಗೆ ವಿವರಿಸುತ್ತಿದ್ದೆ. ಆ ದಿನವೂ ಕಿವಿಗೆ ವೈರು ಸಿಕ್ಕಿಸಿಕೊಂಡು ಒಂದು ಪದ್ಯದ ಅರ್ಥವನ್ನು ಮೈಮರೆತು ಹೇಳುತ್ತಿದ್ದೆ. ಒಂಬತ್ತನೇ ತರಗತಿಯ ಅರ್ಧ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹೊರಗೆ ನಡೆದಿದ್ದರು. ಹೆಡ್‌ ಮಾಸ್ತರರು ಬಾಗಿಲಲ್ಲಿ ನಿಂತು, "ಅಕ್ಕೋರ, ಬೆಂಚಿಗೆ ಪಾಠಾ ಹೇಳಾಕತ್ತೀರೇನ್ರಿ?" ಎಂದಾಗಲೇ ನನಗೆ ಗೊತ್ತಾದದ್ದು. ನನಗೆ ಮೊದಲೇ ಸಿಟ್ಟು ಜಾಸ್ತಿ. ಆ ದಿನ ಸಿಟ್ಟಿನ ಜೊತೆ ಅಳುವೂ ಬಂತು.

ನನಗೆ ಬೇಕಾಗಿದ್ದದ್ದು ಬೆರಳಿನಿಂದ ಓದುವ ಬ್ರೈಲ್ ಕಂಪ್ಯೂಟರು. ಊಟದ ಡಬ್ಬಿಯಷ್ಟಿರುತ್ತದೆ, ಕೈಯಲ್ಲೇ ಹಿಡಿದುಕೊಳ್ಳಬಹುದು. ಅದರ ಅಂಚಿನ ಪಟ್ಟಿಯಲ್ಲಿ ಸಣ್ಣ ಚುಕ್ಕೆಗಳು ಮೇಲೆದ್ದು ಒಂದು ಸಾಲಾಗುತ್ತವೆ. ಅದನ್ನು ಸವರಿ ಓದಿ ಗುಂಡಿ ಒತ್ತಿದರೆ ಮುಂದಿನ ಸಾಲು ಏಳುತ್ತದೆ. ಓದುವ ಕೆಲಸ ಬೆರಳಿನದಾದರೆ ಎರಡೂ ಕಿವಿ ಮಕ್ಕಳ ಮೇಲೆ ಇಡಬಹುದು. ಹೊಸದರ ಬೆಲೆ ಕೇಳಿ ಸುಮ್ಮನಾಗಿದ್ದೆ. ಅಷ್ಟರಲ್ಲಿ, ಕುಂದಗೋಳದಲ್ಲಿ ನನ್ನ ಹಾಗೆಯೇ ಕಣ್ಣು ಕಾಣದ ನಿವೃತ್ತ ಶಿಕ್ಷಕರು, ಇಮಾಮಸಾಬ ಮಾಸ್ತರರು, ತಮ್ಮದನ್ನು ಮಾರುತ್ತಾರೆ ಎಂದು ತಿಳಿಯಿತು.

ನನ್ನ ಗಂಡ ಈರಣ್ಣ ಅಣ್ಣಿಗೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಕೇಳಿದ ಕೂಡಲೇ ಮುಖ ಸಿಂಡರಿಸಿದ. ಅದು ಕಾಣದಿದ್ದರೂ ದನಿಯಲ್ಲೇ ತಿಳಿಯುತ್ತದೆ. "ಅದನ್ನ ಮಾಡೂದ ಬಂದ್ ಮಾಡ್ತಾರಂತ ಸುದ್ದಿ ಐತಿ. ನಾಳೆ ಕೆಟ್ರ ಸಾಮಾನ ಎಲ್ಲಿಂದ ತರಲಿ? ಇದ್ದ ರೊಕ್ಕಾ ಎಲ್ಲಾ ಅದಕ್ಕ ಸುರೂದೇನ?" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಹಟ ಹಿಡಿದು ಕುಂದಗೋಳಕ್ಕೆ ಕರೆದುಕೊಂಡು ಹೋದೆ.

ಮಾಸ್ತರರು ಮಾರುವವರ ಹಾಗೆ ಮಾತಾಡಲೇ ಇಲ್ಲ. "ಮೊದಲ ಹೇಳತೀನ್ರಿ ಅಕ್ಕೋರ, ಇದು ನಿಂತು ಹೋಗೂ ಸಾಮಾನು. ಬ್ಯಾಟರಿ ಸತ್ತ್ರ ಮತ್ತೊಂದು ಸಿಗೂದು ಕಷ್ಟ" ಎಂದರು.

"ಮತ್ತ ನೀವ್ಯಾಕ ಮಾರ್ತೀರಿ?" ಎಂದೆ.

"ಹದಿನಾರು ವರ್ಷ ಓದಿದೆ. ಸಾಕಾತ್ರಿ" ಎಂದು ನಕ್ಕರು.

ಅವರ ಹೆಂಡತಿ ಬೀಬೀಜಾನ ಯಂತ್ರವನ್ನು ತಂದು ನನ್ನ ಕೈಗಿಟ್ಟರು. ಚುಕ್ಕೆಗಳು ಬೆರಳಿಗೆ ಸಿಕ್ಕಿದ್ದೇ ತಡ, ನನಗೆ ಮೈ ಜುಮ್ಮೆಂದಿತು. ಮಾಸ್ತರರೇ ಬರೆದಿಟ್ಟ ಪಾಠಗಳು ಅದರ ತುಂಬ ಇದ್ದವು. "ಈಗ ರೊಕ್ಕಾ ಬ್ಯಾಡ. ಎತ್ತು ಕೊಳ್ಳೂಮುಂದ ನಾಕ ದಿನಾ ಹೊಲದಾಗ ಗಳೇ ಹೊಡದು ನೋಡೂದಿಲ್ಲೇನ್ರಿ? ಹಂಗ ಎಂಟು ದಿನಾ ಇಟಗೊಂಡು ನೋಡ್ರಿ. ಒಗ್ಗಿದ್ರ ತಗೋರಿ" ಎಂದರು ಮಾಸ್ತರರು. ಬೀಬೀಜಾನ ಅದನ್ನು ಕೈಚೀಲದಲ್ಲಿ ಹಾಕಿಕೊಟ್ಟರು.

ಎರಡು ದಿನ ನಾನು ರಾಣಿಯ ಹಾಗೆ ಪಾಠ ಮಾಡಿದೆ. ಒಬ್ಬ ಹುಡುಗಿ ಪಿಸುಗುಟ್ಟಿದರೂ ಹೆಸರು ಹಿಡಿದು ಕರೆಯುತ್ತಿದ್ದೆ. ಮೂರನೆಯ ದಿನ ಯಂತ್ರ ಸತ್ತಿತು. ಚೀಲ ತಡಕಾಡಿದರೆ ಚಾರ್ಜ್ ಮಾಡುವ ವೈರೇ ಇಲ್ಲ. ಈರಣ್ಣ ಅಂಗಡಿಯಲ್ಲಿದ್ದ ವೈರುಗಳನ್ನೆಲ್ಲ ಹಚ್ಚಿ ನೋಡಿದ, ಯಂತ್ರದ ಗುಂಡನೆಯ ತೂತಿಗೆ ಯಾವುದರ ಪಿನ್ನೂ ಕೂಡಲಿಲ್ಲ. "ನಾ ಹೇಳಿದ್ನೆಲ್ಲಾ?" ಎಂದ. ಆ ಮಾತಿಗೆ ನನ್ನ ತಲೆ ಕೆಟ್ಟುಹೋಯಿತು. ಮಾಸ್ತರರಿಗೆ ಫೋನು ಹಚ್ಚಿ, ಪೂರ್ವಾಪರ ವಿಚಾರಿಸದೆ ಒದರಿದೆ: "ವೈರ್ ನಿಮ್ಮ ಹತ್ರ ಇಟಗೊಂಡು ಮಷಿನ್ ಕೊಟ್ಟೀರೆಲ್ಲ, ರೊಕ್ಕಾ ಬಂದ ಮ್ಯಾಲ ಕೊಡ್ತೀರೇನು? ಕಣ್ಣಿಲ್ಲದಾಕಿಗೆ ಕಣ್ಣಿಲ್ಲದವರ ಹಿಂಗ ಮೋಸಾ ಮಾಡಿದ್ರ ಹೆಂಗ್ರಿ?"

ಮಾಸ್ತರರು, "ನಾಳೆ ಬರ್ತೀವ್ರಿ" ಎಂದಷ್ಟೇ ಹೇಳಿ ಇಟ್ಟರು.

ಮರುದಿನ ರವಿವಾರ. ಗಂಡ ಹೆಂಡತಿ ಇಬ್ಬರೂ ಬೆಳಗಿನ ಬಸ್ಸಿಗೇ ಬಂದುಬಿಟ್ಟರು. ಬೀಬೀಜಾನ ನನ್ನ ಕೈಯಲ್ಲಿ ವೈರಿನ ಸುರುಳಿ ಇಟ್ಟು ಅಳುದನಿಯಲ್ಲಿ ಹೇಳಿದರು: "ಇವರಿಗೇನೂ ಗೊತ್ತಿಲ್ಲವ್ವ, ನಾನ ತಗದಿಟ್ಟಿದ್ದೆ. ಎಮ್ಮಿ ಕೊಟ್ರೂ ಹಗ್ಗಾ ಕೊಡೂದಿಲ್ಲ ನಾವು. ಕೊಟ್ರ ಮನ್ಯಾಗಿನ ಹಾಲು-ಹೈನ ಹೋಗತೈತಿ ಅಂತಾರ. ಕೊಂಡವರು ಹೊಸಾ ಹಗ್ಗಾ ತರ್ತಾರ. ಈ ಮಷಿನ್ನೂ ಹದಿನಾರು ವರ್ಷ ನಮಗ ಅನ್ನಾ ಹಾಕೇತಿ. ಮೊಬೈಲಿನ ವೈರ್ ಎಲ್ಲಾರ ಮನ್ಯಾಗೂ ಇರತಾವಲ್ಲ, ನಿಮ್ಮದು ನಡೀತೈತಿ ಅಂದುಕೊಂಡೆ."

ನಮ್ಮ ತವರಿನಲ್ಲೂ ಇದೇ ಪದ್ಧತಿ. ನನ್ನ ಅವ್ವ ಮಾರಿದ ಎಮ್ಮೆಗಳ ಹಗ್ಗಗಳು ಇನ್ನೂ ಗೂಟಕ್ಕೆ ತೂಗುತ್ತವೆ. ನಾಚಿಕೆಯಿಂದ ತಲೆ ತಗ್ಗಿಸಿ ವೈರನ್ನು ಯಂತ್ರಕ್ಕೆ ಸಿಕ್ಕಿಸಿದೆ. ಈರಣ್ಣ ಚಹಾ ಮಾಡಿಕೊಟ್ಟ. ಅಷ್ಟರಲ್ಲಿ ಯಂತ್ರಕ್ಕೆ ಜೀವ ಬಂತು. ಏನಾದರೂ ಮಾಡಿ ಅವರನ್ನು ಸಂತೋಷಪಡಿಸಬೇಕೆಂದು ಅವರದೇ ಒಂದು ಪಾಠ ತೆಗೆದು, "ನೋಡ್ರಿ ಮಾಸ್ತರ, ನೀವ ಬರದದ್ದು. ಓದ್ರಿ" ಎಂದು ಅವರ ಕೈಗೆ ಕೊಟ್ಟೆ.

ಬ್ರೈಲ್ ಓದುವವರ ಬೆರಳು ಎಡದಿಂದ ಬಲಕ್ಕೆ ಹಗುರಾಗಿ ಹೋಗುತ್ತದೆ. ಮಾಸ್ತರರ ಬೆರಳು ಹಿಂದೆ ಮುಂದೆ ತಿಕ್ಕುವ ಸದ್ದು ಕೇಳಿತು.

"ಅಗದಿ ಛಲೋ ಐತ್ರಿ" ಎಂದರು.

"ಏನಂತ ಬರದೀರಿ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

ಮಾಸ್ತರರು ಯಂತ್ರವನ್ನು ನನ್ನ ಕೈಗೆ ವಾಪಸು ಕೊಟ್ಟು ಹೇಳಿದರು: "ಬೆರಳ ಸತ್ತಾವ್ರಿ ಅಕ್ಕೋರ. ಸಕ್ಕರಿ ಕಾಯಿಲೆ. ಎರಡು ವರ್ಷ ಆತು. ಚುಕ್ಕಿ ಎಲ್ಲಿ ಅದಾವ ಅಂತನೂ ತಿಳಿಯೂದಿಲ್ಲ."

ಬೀಬೀಜಾನ ಥಟ್ಟನೆ, "ಮಷಿನ್ ಹಳೇದಾತು, ನಿಂತು ಹೋಗೂ ಸಾಮಾನು, ಅದಕ್ಕ ಓದೂದಿಲ್ಲ ಅಂತ ನನ್ನ ಮುಂದ ಹೇಳಿದ್ರೆಲ್ಲ?" ಎಂದರು.

"ಅದೂ ಖರೇನ ಐತಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ದಿನಾ ನನ್ನ ಕೈ ತಿಕ್ಕತಾ ಕೂಡ್ತಿದ್ದಿ."

ಬೀಬೀಜಾನ ಅವರ ಬಳೆಯ ಸಪ್ಪಳ ಕೇಳಿತು. ಮಾಸ್ತರರ ಕೈ ಹಿಡಿದುಕೊಂಡಿರಬೇಕು.

ನಾನು ಆ ಪಾಠವನ್ನು ಕೊನೆಯವರೆಗೂ ಗಟ್ಟಿಯಾಗಿ ಓದಿದೆ. ಮಾಸ್ತರರು ನಡುನಡುವೆ "ಹೂಂ, ಹೂಂ" ಎನ್ನುತ್ತಿದ್ದರು. ಮುಗಿದ ಮೇಲೆ ಈರಣ್ಣ ಎದ್ದು ಒಳಗೆ ಹೋಗಿ ರೊಕ್ಕ ತಂದು ಅವರ ಮುಂದಿಟ್ಟ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆಮೇಲೆ ಅಂಗಡಿಗೆ ಹೋಗಿ ಆ ಗುಂಡನೆಯ ಪಿನ್ನಿನಂಥದ್ದನ್ನೇ ಎಲ್ಲಿಂದಲೋ ಹುಡುಕಿ, ಬೆಸೆದು, ಹೊಸ ವೈರು ಮಾಡಿಕೊಂಡು ಬಂದ. ಹಳೆಯದನ್ನು ಬೀಬೀಜಾನ ಮನೆಗೆ ಒಯ್ದರು.

ಯಂತ್ರ ಇನ್ನೂ ನಡೆಯುತ್ತಿದೆ. ಎರಡು ಚುಕ್ಕೆ ಈಗ ಮೇಲೇಳುವುದಿಲ್ಲ, ಅಲ್ಲಿ ಊಹೆಯಿಂದ ಓದುತ್ತೇನೆ. ಈಗಲೂ ನನಗೆ ಚುಚ್ಚುವುದು ಫೋನಿನಲ್ಲಿ ನಾನು ಆಡಿದ ಆ ಮಾತು. ಎಷ್ಟೋ ಸಲ ಮಾಸ್ತರರ ಕ್ಷಮೆ ಕೇಳಿದ್ದೇನೆ. ಪ್ರತಿ ಸಲವೂ ಅವರು, "ಯಾವ ಮಾತ್ರಿ ಅಕ್ಕೋರ? ನನಗ ನೆನಪಿಲ್ಲ ಬಿಡ್ರಿ" ಎನ್ನುತ್ತಾರೆ. ಅಂದು ಚುಕ್ಕೆ ತಿಳಿಯದೆಯೂ "ಅಗದಿ ಛಲೋ ಐತ್ರಿ" ಎಂದಾಗ ಇದ್ದದ್ದೂ ಇದೇ ದನಿ.