ಮಾರುಕಟ್ಟೆ ರಸ್ತೆ ಹತ್ತು ನಿಮಿಷ ಸುಮ್ಮನಿದ್ದ ದಿನ

ಹೊಸ ತಿಪ್ಪಸಂದ್ರದ ನಮ್ಮ ನಿವಾಸಿಗಳ ಸಂಘ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆಯೊಂದನ್ನು ಹೊರಡಿಸುತ್ತದೆ. ಪತ್ರಿಕೆ ಎಂದರೆ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ, ನಡುವೆ ಮಡಿಸಿ, ಮನೆಮನೆಯ ಗೇಟಿಗೆ ಸಿಕ್ಕಿಸುವ ಹಾಳೆ. ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ಅದರ ಕೊನೆಯ ಪುಟ ನನ್ನ ಪಾಲಿಗೆ ಬಂತು. ಬಡಾವಣೆಯ ಸುದ್ದಿಗಳ ಬಗ್ಗೆ ನನ್ನ ಅಭಿಪ್ರಾಯ ಬರೆಯುವುದು ಕೆಲಸ. ಇಡೀ ನೌಕರಿಯನ್ನು ಬೇರೆಯವರ ಅರ್ಜಿಗಳ ಮೇಲೆ ಷರಾ ಬರೆದೇ ಕಳೆದವಳು ನಾನು. ಅಭಿಪ್ರಾಯಕ್ಕೆ ಬರವಿರಲಿಲ್ಲ.

ಫುಟ್‌ಪಾತ್ ಮೇಲೆ ನೈಟಿ, ಚಪ್ಪಲಿ, ಪ್ಲಾಸ್ಟಿಕ್ ಬಕೆಟ್ ಗುಡ್ಡೆ ಹಾಕಿದರೆ ಮುದುಕರು ಎಲ್ಲಿ ನಡೆಯಬೇಕು ಎಂದು ಬರೆದೆ. ಕಸದ ಗಾಡಿ ಬಂದು ಹೋದ ಮೇಲೆಯೇ ಕೆಲವರಿಗೆ ಕಸ ನೆನಪಾಗುವುದೇಕೆ ಎಂದು ಕೇಳಿದೆ. ಬೀದಿನಾಯಿಗೆ ಅನ್ನ ಹಾಕುವವರೂ ನಾಯಿಯನ್ನು ಬೈಯುವವರೂ ಒಟ್ಟಿಗೆ ಕೂತು ಮಾತಾಡಲಿ ಎಂದು ಸಲಹೆ ಕೊಟ್ಟೆ; ಎರಡು ಪಂಗಡದವರೂ ನನ್ನ ಜೊತೆ ಮಾತು ಬಿಟ್ಟರು. ಮಾರುಕಟ್ಟೆ ರಸ್ತೆಯ ಹಾರ್ನ್ ಹಾವಳಿಯ ಬಗ್ಗೆ ಮೂರು ಸಲ ಬರೆದೆ. ಒಂದೇ ಒಂದು ಹಾರ್ನ್ ಕಡಿಮೆಯಾಗಲಿಲ್ಲ. ಈ ಊರಿನ ಜನಕ್ಕೆ ಹೇಳಿ ಪ್ರಯೋಜನವಿಲ್ಲ ಎನ್ನುವುದು ಆಗ ನನ್ನ ಎಲ್ಲ ಅಭಿಪ್ರಾಯಗಳ ತಳದಲ್ಲಿದ್ದ ಅಭಿಪ್ರಾಯ.

ನೀರಿನ ವಿಷಯ ನನಗೆ ತಡವಾಗಿ ತಿಳಿಯಿತು. ತಿಳಿಯದಿರಲು ಕಾರಣವಿತ್ತು. ನಮ್ಮ ಮನೆಯಲ್ಲಿ ಕುಡಿಯಲು ಫಿಲ್ಟರ್ ಇದೆ, ಅಡುಗೆಗೂ ಅದೇ. ನಲ್ಲಿಯ ನೀರು ನೆಲದಡಿಯ ಸಂಪಿಗೆ ಬಿದ್ದು, ಅಲ್ಲಿಂದ ಮೇಲಿನ ಟ್ಯಾಂಕಿಗೆ ಏರಿ, ಬಚ್ಚಲಿಗೆ ಇಳಿಯುವ ಹೊತ್ತಿಗೆ ಅದರ ವಾಸನೆ ಅರ್ಧ ಹೋಗಿರುತ್ತದೆ. ನಮ್ಮ ಮನೆಯ ಹಿಂದಿರುವ ವಠಾರದಲ್ಲಿ ಹಾಗಲ್ಲ. ಅಲ್ಲಿ ಸಾಲಾಗಿ ಬಾಡಿಗೆ ಕೋಣೆಗಳು, ಅಂಗಳಕ್ಕೊಂದು ನಲ್ಲಿ. ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಬಂದ ಕುಟುಂಬಗಳು. ವಾರಕ್ಕೆರಡು ಬೆಳಗ್ಗೆ ನೀರು ಬಂದಾಗ ಕೊಡಕ್ಕೆ ಹಿಡಿದು, ಅದನ್ನೇ ಕುಡಿಯುತ್ತಿದ್ದರು.

ಒಂದು ದಿನ ಆ ವಠಾರದ ಮೊದಲ ಕೋಣೆಯ ಹೆಂಗಸು ನಮ್ಮ ಗೇಟಿನ ಮುಂದೆ ನಿಂತು ಕರೆದಳು. ಅವಳ ಮೂರು ವರ್ಷದ ಮಗಳಿಗೆ ವಾಂತಿಭೇದಿಯಾಗಿ ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರು ನೀರಿನಿಂದ ಎಂದಿದ್ದರಂತೆ.

"ನೀವು ಪೇಪರ್ದಾಗ ಬರೀತೀರಂತಲ್ರಿ ಅಕ್ಕಾರೆ," ಎಂದಳು. "ನೀರು ನಾರ್ಲಾಕತ್ತದ ಅಂತ ಹದಿನೈದು ದಿನದಿಂದ ಹೇಳ್ಲಾಕತ್ತೀನ್ರಿ. ಯಾರೂ ಕಿವಿ ಮ್ಯಾಲ ಹಾಕ್ಕೊಳ್ವಲ್ರು."

ಅವಳ ಕೈಯಲ್ಲಿ ಒಂದು ಬಾಟಲಿ ನೀರಿತ್ತು. ಮೂಗಿನ ಹತ್ತಿರ ಹಿಡಿದೆ. ಚರಂಡಿ. ಬೇರೆ ಮಾತೇ ಬೇಡ. ನಾನು ಚಪ್ಪಲಿ ರಾಶಿಯ ಬಗ್ಗೆ ವಾಕ್ಯ ತಿದ್ದುತ್ತಿದ್ದ ಹದಿನೈದು ದಿನವೂ ನನ್ನ ಹಿತ್ತಲಿನ ಗೋಡೆಯಾಚೆ ಮಕ್ಕಳು ಇದನ್ನು ಕುಡಿದಿದ್ದರು.

ಆ ತಿಂಗಳ ಪುಟವನ್ನು ಸಿಟ್ಟಿನಲ್ಲಿ ಬರೆದೆ. ನೀರಿನ ಕಚೇರಿಯಲ್ಲಿ ಕೂತವರಿಗೆ ಕಿವಿಯೇ ಇಲ್ಲ ಎಂದು ಬರೆದು, ಅದರ ಪ್ರತಿಯನ್ನೂ ಬಾಟಲಿಯನ್ನೂ ಹಿಡಿದು ಆ ಕಚೇರಿಗೆ ಹೋದೆ. ನಮ್ಮ ಭಾಗದ ಎಂಜಿನಿಯರ್ ನನ್ನ ಮಗಳ ವಯಸ್ಸಿನ ಹುಡುಗಿ. ಕೂರಲು ಹೇಳಿ, ಪುಟವನ್ನು ಪೂರ್ತಿ ಓದಿದಳು.

"ಮೇಡಂ, ಮೂರು ಕಡೆ ಅಗೆಸಿ ನೋಡಿದೀನಿ," ಎಂದಳು. "ಎಲ್ಲೋ ನೀರಿನ ಪೈಪ್ ಒಡೆದಿದೆ, ಪಕ್ಕದಲ್ಲೇ ಡ್ರೈನೇಜ್ ಪೈಪೂ ಒಡೆದಿದೆ. ಎಲ್ಲಿ ಅಂತ ಸಿಗ್ತಿಲ್ಲ. ಮಿಷನ್ ತಂದ್ವಿ, ಅರವತ್ತು ಎಪ್ಪತ್ತು ಅಡಿ ಜಾಗಕ್ಕೆ ತಂದು ನಿಲ್ಲಿಸ್ತು. ಅಷ್ಟು ಉದ್ದ ಮಾರ್ಕೆಟ್ ರೋಡ್ ಅಗೆಯೋಕಾಗುತ್ತಾ ಹೇಳಿ?"

ಅವಳೇ ಮುಂದುವರಿಸಿದಳು. "ಕಿವಿ ಇರೋರು ಒಬ್ರಿದಾರೆ. ಶುಕ್ರವಾರ ನೀರು ಬಿಡೋ ಹೊತ್ತಿಗೆ ಕರ್ಕೊಂಡು ಬರ್ತೀನಿ. ನೀರು ಹರೀತಾ ಇದ್ರೇನೇ ಅವ್ರಿಗೆ ಕೇಳೋದು. ಆದ್ರೆ ನಿಮ್ಮ ರೋಡು ಒಂದು ಹತ್ತು ನಿಮಿಷ ಸುಮ್ನಿರುತ್ತಾ?"

ನಗು ಬಂತು. ಆ ರಸ್ತೆ ಸುಮ್ಮನಿರುವುದೇ? ಆದರೂ ಬಾಟಲಿ ಹಿಡಿದು ಬಂದವಳು ಆಗುವುದಿಲ್ಲ ಎಂದು ಹೇಳುವಂತಿರಲಿಲ್ಲ.

ಗುರುವಾರ ಸಂಜೆ ಅಂಗಡಿಯಿಂದ ಅಂಗಡಿಗೆ ಹೋದೆ. ನಾಳೆ ಬೆಳಗ್ಗೆ ಹತ್ತು ನಿಮಿಷ ಯಾರೂ ಸದ್ದು ಮಾಡಬಾರದು, ಪೈಪ್ ಎಲ್ಲಿ ಒಡೆದಿದೆ ಎಂದು ಕೇಳಿಸಿಕೊಳ್ಳಬೇಕಿದೆ, ಒಂದು ಮಗು ಆಸ್ಪತ್ರೆಯಲ್ಲಿದೆ. ಇಷ್ಟೇ ನನ್ನ ಮಾತು. ಪಾತ್ರೆ ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು. "ಹಾರ್ನ್ ಬಗ್ಗೆ ನೀವು ಬರ್ದಿದ್ದು ಓದಿದೀನಿ ಮೇಡಂ. ಚೆನ್ನಾಗಿತ್ತು," ಎಂದರು, ಅಷ್ಟೇ. ಆಟೋ ಸ್ಟ್ಯಾಂಡಿನಲ್ಲಿ ಒಬ್ಬ ಚಾಲಕ ಬೀಡಿ ಆರಿಸಿ, "ಪಾಪುಗೆ ಈಗ ಹೆಂಗಿದೆ?" ಎಂದು ಕೇಳಿದ. ಶಿವಾಜಿನಗರದಿಂದ ಬಾಳೆಹಣ್ಣಿನ ಗಾಡಿ ತರುವ ವೃದ್ಧರಿಗೆ ಧ್ವನಿವರ್ಧಕದ ಕೂಗು ನಿಲ್ಲಿಸಲು ಹೇಳಿದಾಗ, "ಫಿಕರ್ ನಕ್ಕೋ ಅಮ್ಮಾ, ಬಂದ್ ಮಾಡ್ತೀನಿ," ಎಂದರು. ಮನೆಗೆ ಬಂದು ನಮ್ಮ ಯಜಮಾನರಿಗೆ, "ನಾಳೆ ಮರ್ಯಾದೆ ಹೋಗುತ್ತೆ ನೋಡ್ತಿರಿ," ಎಂದೆ.

ಶುಕ್ರವಾರ ಎಂಜಿನಿಯರ್ ಜೊತೆ ಬಂದವರು ಅರವತ್ತರ ಹತ್ತಿರದ ಒಬ್ಬ ಸಣಕಲು ಮನುಷ್ಯ. ಬಿಳಿ ಕುರುಚಲು ಗಡ್ಡ, ತಲೆಗೆ ಟವಲು. ರಾಯಚೂರು ಕಡೆಯವರು, ಬೆಂಗಳೂರಿಗೆ ನೆಲ ಅಗೆಯುವ ಕೂಲಿಗೆ ಬಂದು, ಪೈಪುಗಳ ಜೊತೆಯಲ್ಲೇ ವಯಸ್ಸಾದವರು. ಕೈಯಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಕೋಲು. ಅದರ ಮೇಲ್ತುದಿಗೆ ಹಿತ್ತಾಳೆಯ ಸಣ್ಣ ಬಟ್ಟಲಿನಂಥದ್ದನ್ನು ಕೂಡಿಸಿದ್ದರು. ಕೋಲನ್ನು ನೆಲಕ್ಕೆ ಊರಿ, ಬಟ್ಟಲಿಗೆ ಕಿವಿ ಹಚ್ಚಿ ಕೇಳುವುದು. ಬೇರೇನೂ ಉಪಕರಣವಿಲ್ಲ.

ವಾಲ್ವ್ ತಿರುಗಿಸಿ ನೀರು ಬಿಟ್ಟರು. ಆಟೋ ಚಾಲಕರು ರಸ್ತೆಯ ಎರಡೂ ತುದಿಗೆ ಎರಡೆರಡು ಆಟೋಗಳನ್ನು ಅಡ್ಡ ನಿಲ್ಲಿಸಿದರು. ಎಂಜಿನಿಯರ್ ಕೈ ಮೇಲೆತ್ತಿದಳು.

ಮೊದಲು ಜ್ಯೂಸ್ ಅಂಗಡಿಯ ಮಿಕ್ಸಿ ನಿಂತಿತು. ಮೊಬೈಲ್ ಅಂಗಡಿಯ ಹಾಡು ನಿಂತಿತು. ಬಾಳೆಹಣ್ಣಿನ ಗಾಡಿಯ ಕೂಗು ಅರ್ಧಕ್ಕೇ ತುಂಡಾಯಿತು. ಸ್ಕೂಟರಿನವರು ಎಂಜಿನ್ ಆರಿಸಿ, ಇಳಿದು, ಕೈಯಲ್ಲಿ ತಳ್ಳಿಕೊಂಡು ಬದಿಗೆ ಸರಿದರು. ಅಡ್ಡ ನಿಂತ ಆಟೋಗಳಾಚೆ ಯಾವನೋ ಒಬ್ಬ ಹಾರ್ನ್ ಒತ್ತಿದ. ಯಾರೂ ಬೈಯಲಿಲ್ಲ, ಒಬ್ಬರು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು, ಅವನೂ ಸುಮ್ಮನಾದ.

ಅಷ್ಟು ವರ್ಷದಿಂದ ಆ ರಸ್ತೆಯಲ್ಲಿ ಓಡಾಡಿದವಳು ನಾನು. ದರ್ಶಿನಿ ಹೋಟೆಲಿನ ಒಳಗೆ ತಟ್ಟೆಯ ಮೇಲೆ ಬೀಳುವ ನೀರಿನ ಸದ್ದು ರಸ್ತೆಯ ಈಚೆ ಬದಿಗೆ ಕೇಳಿದ್ದು ಅಂದೇ. ಎಲ್ಲೋ ಮೂರನೇ ಮಹಡಿಯಲ್ಲಿ ಒಗ್ಗರಣೆ ಸಿಡಿಯಿತು. ಹೂವಿನವಳು ದಾರ ಹರಿದದ್ದು ಕೇಳಿಸಿತು. ನೂರಾರು ಜನ, ಒಬ್ಬರ ಮುಖ ಒಬ್ಬರು ನೋಡುತ್ತ, ಉಸಿರು ಹಿಡಿದಂತೆ ನಿಂತಿದ್ದರು. ಹೇಳಿ ಪ್ರಯೋಜನವಿಲ್ಲ ಎಂದು ನಾನು ಅಂದುಕೊಂಡಿದ್ದದ್ದು ಇವರ ಬಗ್ಗೆಯೇ.

ಅಷ್ಟರಲ್ಲಿ ವಿಮಾನಪುರದ ಕಡೆಯಿಂದ ಒಂದು ವಿಮಾನ ನೆತ್ತಿಯ ಮೇಲೆ ಗುಡುಗಿಕೊಂಡು ಹೋಯಿತು. ಕೋಲಿನ ಮನುಷ್ಯ ತಲೆಯೆತ್ತಿ, ಅದು ದಾಟುವವರೆಗೆ ತಾಳ್ಮೆಯಿಂದ ನಿಂತರು. ಕೆಲವರು ಬಾಯಿ ಮುಚ್ಚಿಕೊಂಡು ನಕ್ಕರು. ಮತ್ತೆ ಮೌನ.

ಅವರು ಕೋಲು ಊರಿದರು, ಕಣ್ಣು ಮುಚ್ಚಿದರು. ಎರಡು ಹೆಜ್ಜೆ ಸರಿದು ಮತ್ತೆ ಊರಿದರು. ಆಮೇಲೆ ಎಂಜಿನಿಯರ್ ಕಡೆ ತಿರುಗಿ, ಮೆಲ್ಲಗೆ, ಆದರೆ ಆ ಮೌನದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು:

"ಮೋಟರ್ ನಡದಾವ್ರಿ ಮೇಡಂ. ಲೈನಿಗೆ ಹಚ್ಯಾರ. ಐದಾರು ಅದಾವು. ಅವು ನಿಂತ್ರ ಕೇಳ್ತೈತಿ."

ಸಂಪಿನ ನೀರನ್ನು ಮೇಲೇರಿಸುವ ಮೋಟರಲ್ಲ ಅವರು ಹೇಳಿದ್ದು. ಬೀದಿಯ ಪೈಪಿಗೇ ಮೋಟರು ಕೂಡಿಸಿ, ನೀರನ್ನು ತಮ್ಮ ಸಂಪಿಗೆ ಎಳೆದುಕೊಳ್ಳುವುದು ಇಲ್ಲಿ ಎಲ್ಲರೂ ಬಲ್ಲ, ಯಾರೂ ಒಪ್ಪಿಕೊಳ್ಳದ ಸಂಗತಿ. ಹಿಂದಿನ ತಿಂಗಳಷ್ಟೇ ಸಂಘದ ಸಭೆಯಲ್ಲಿ ಎಲ್ಲರೂ ನಮ್ಮಲ್ಲಿಲ್ಲ ಎಂದಿದ್ದೆವು. ಹೀಗೆ ಎಳೆದಾಗ ಒಡೆದ ಜಾಗದಿಂದ ಚರಂಡಿಯ ನೀರೂ ಒಳಗೆ ಬರುತ್ತದೆ ಎಂದು ಎಂಜಿನಿಯರ್ ಕಚೇರಿಯಲ್ಲೇ ನನಗೆ ಹೇಳಿದ್ದಳು. ನಾನು ತಲೆಯಾಡಿಸಿದ್ದೆ.

ನಮ್ಮ ಮನೆಯಲ್ಲೂ ಇತ್ತು. ಶುಕ್ರವಾರ ಬೆಳಗ್ಗೆ ನೀರು ಬಂದೊಡನೆ ಸ್ವಿಚ್ ಹಾಕುವುದು ನಮ್ಮ ಯಜಮಾನರ ರೂಢಿ. ಊರಿಗೆಲ್ಲ ಸುಮ್ಮನಿರಿ ಎಂದು ಹೇಳಿ ಬಂದವಳಿಗೆ ಸ್ವಂತ ಮನೆಯ ಸದ್ದು ನೆನಪಾಗಿರಲಿಲ್ಲ.

ಜನರ ನಡುವಿನಿಂದ ಒಬ್ಬರು ಮೆಲ್ಲಗೆ ಹಿಂದೆ ಸರಿದರು. ಇನ್ನೊಬ್ಬರು ಫೋನು ಕಿವಿಗಿಟ್ಟು ಅಡ್ಡರಸ್ತೆಯ ಕಡೆ ಹೊರಟರು. ನಾನೂ ಹೊರಟೆ. ಓಡಲಿಲ್ಲ, ಓಡಿದರೆ ಚಪ್ಪಲಿಯ ಸದ್ದಾಗುತ್ತದೆ. ಮನೆಗೆ ಹೋಗಿ ಸ್ವಿಚ್ ಆರಿಸಿ, ಬೆವರುತ್ತ ಹಿಂತಿರುಗಿದಾಗ ಕೋಲಿನ ಮನುಷ್ಯ ಇನ್ನೂ ಕಿವಿ ಹಚ್ಚಿಯೇ ನಿಂತಿದ್ದರು.

"ಒಂದು ನಿಂತಿತು," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು." ಆಮೇಲೆ, "ಈಗ ಬಾಜೂದ್ದೂ ನಿಂತಿತು."

ಕಣ್ಣು ತೆರೆಯಲೇ ಇಲ್ಲ ಅವರು. ಯಾರು ಹೋದರು, ಯಾರು ಬಂದರು ಎಂದು ನೋಡಲಿಲ್ಲ. ಕೊನೆಯದು ನಿಂತಾಗ, "ಈಗ ಚಲೋ ಆತು," ಎಂದಷ್ಟೇ ಹೇಳಿ ಮುಂದೆ ನಡೆದರು. ಅವತ್ತು ಅವರು ನಮ್ಮ ಮಾನ ಉಳಿಸಿದರು. ಬೈದಿದ್ದರೆ ನಾವು ಜಗಳಕ್ಕೆ ನಿಲ್ಲುತ್ತಿದ್ದೆವು, ನನಗೆ ಗೊತ್ತು.

ಹೆಜ್ಜೆಗೊಮ್ಮೆ ಕೋಲು ಊರುತ್ತ, ಎಳನೀರಿನ ಗಾಡಿಯ ಮುಂದೆ ಬಂದು ನಿಂತರು. ಅಲ್ಲಿ ನಾಲ್ಕು ಸಲ ಕೇಳಿದರು. ಆಮೇಲೆ ನನ್ನನ್ನು ಕರೆದರು. ನನ್ನನ್ನೇ ಏಕೆ ಕರೆದರೋ, ಹತ್ತಿರ ನಿಂತಿದ್ದೆ ಅಷ್ಟೇ ಇರಬೇಕು.

"ಕೇಳ್ರಿ ಅವ್ವಾ."

ಬಟ್ಟಲಿಗೆ ಕಿವಿ ಹಚ್ಚಿದೆ. ಮೊದಲು ನನ್ನದೇ ರಕ್ತದ ಬಡಿತ. ಅದರಾಚೆ, ಬಹಳ ದೂರದಿಂದ ಬಂದಂತೆ, ಸುಯ್ ಎನ್ನುವ ಒಂದೇ ಎಳೆ. ಅಕ್ಕಿ ಮೊರದಿಂದ ಜಾರುವಾಗ ಆಗುವಂಥ ಸದ್ದು. ಎಡೆಬಿಡದೆ ಬರುತ್ತಿತ್ತು. ಡಾಂಬರು, ಜಲ್ಲಿ, ಮಣ್ಣು ದಾಟಿ, ನಾನು ದಿನಾ ಕೊತ್ತಂಬರಿಗೆ ಚೌಕಾಸಿ ಮಾಡುವ ಜಾಗದ ಕೆಳಗೆ, ಈ ಸದ್ದು ಎಷ್ಟೋ ದಿನದಿಂದ ನಡೆದೇ ಇತ್ತು. ಹೂವಿನವಳು, "ಏನ್ ಕೇಳ್ತೈತೆ ಅಕ್ಕಾ?" ಎಂದು ಪಿಸುಗುಟ್ಟಿದಳು. ಅವಳಿಗೂ ಕೋಲು ಕೊಟ್ಟರು. ಆಮೇಲೆ ಪಾತ್ರೆ ಅಂಗಡಿಯವರಿಗೆ, ಆಟೋದವನಿಗೆ. ಒಬ್ಬೊಬ್ಬರೂ ದೇವರ ಮುಂದೆ ಬಗ್ಗಿದಂತೆ ಬಗ್ಗಿ ಕೇಳಿ, ಕಣ್ಣರಳಿಸಿ ಎದ್ದರು. ಹತ್ತು ನಿಮಿಷ ಎಂದೋ ದಾಟಿತ್ತು. ಯಾರೂ ಗಡಿಯಾರ ನೋಡಲಿಲ್ಲ.

ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು ರಸ್ತೆಯ ಮೇಲೆ ಒಂದು ಗುಣಾಕಾರ ಚಿಹ್ನೆ ಬರೆದರು. ಮಧ್ಯಾಹ್ನದ ಹೊತ್ತಿಗೆ ಅಗೆತ ಮುಗಿಯಿತು. ಆಳೆತ್ತರಕ್ಕಿಂತ ಕೊಂಚ ಕಡಿಮೆ ಆಳದಲ್ಲಿ, ಗುರುತಿನಿಂದ ಒಂದು ಗೇಣು ಆಚೆಗೆ, ಹಳೆಯ ಪೈಪಿನ ಜಾಯಿಂಟ್ ಬಿಟ್ಟುಕೊಂಡಿತ್ತು. ಅದರ ಮೇಲೆಯೇ ಹಾದುಹೋದ ಚರಂಡಿಯ ಪೈಪು ಸೀಳಿತ್ತು. ಎಂಜಿನಿಯರ್ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. "ಒಂದು ಗೇಣು," ಎಂದು ತನಗೆ ತಾನೇ ಹೇಳಿಕೊಂಡಳು. ಸಂಜೆಯೊಳಗೆ ಎರಡನ್ನೂ ಸರಿಪಡಿಸಿದರು. ಮುಂದಿನ ಎರಡು ಸರದಿಯ ನೀರನ್ನು ಸುಮ್ಮನೆ ಹರಿಯಬಿಟ್ಟರು, ಮೂರನೆಯ ಸರದಿಗೆ ವಾಸನೆ ಇರಲಿಲ್ಲ. ಮಗು ಸುಮಾರು ಒಂದು ವಾರದಲ್ಲಿ ಮನೆಗೆ ಬಂತು. ಸೊರಗಿತ್ತು, ಆದರೆ ಬಂದ ದಿನವೇ ನಮ್ಮ ಗೇಟು ಹತ್ತಿ ಜೋತಾಡಿತು.

ಆ ಮಧ್ಯಾಹ್ನ ಅಗೆತ ಮುಗಿದೊಡನೆ ಕೋಲಿನ ಆ ಹಿರಿಯರನ್ನು ನಮ್ಮ ಮನೆಗೆ ಊಟಕ್ಕೆ ಕರೆದೆ. ಒಳಗೆ ಬರಲಿಲ್ಲ, ಕಾಲೆಲ್ಲ ಕೆಸರೆಂದು ಮೆಟ್ಟಿಲ ಮೇಲೆಯೇ ಕೂತರು. ಅನ್ನ ಸಾರು ಬಡಿಸುತ್ತ, ನಾಚಿಕೆ ತಡೆಯಲಾಗದೆ, "ನಮ್ಮ ಮನೇದೂ ಒಂದು ಮೋಟರ್ ಇತ್ತು," ಎಂದೆ.

"ಗೊತ್ತೈತ್ರಿ ಅವ್ವಾ," ಎಂದರು. "ನಿಮ್ಮ ಹೆಜ್ಜಿ ಸಪ್ಪಳ ಆ ಕಡಿ ಹ್ವಾದ ಮ್ಯಾಲ ಒಂದು ದನಿ ಕಡಿಮಿ ಆತು." ಸ್ವಲ್ಪ ಉಂಡು, "ನೀರು ಕಮ್ಮಿ ಬಂದ್ರ ಎಲ್ಲಾರೂ ಹಂಗ ಮಾಡ್ತಾರ್ರಿ. ಅಂಜಿಕಿ ಅದು," ಎಂದು ಸೇರಿಸಿದರು.

ನಿಮ್ಮ ಮನೆಯಲ್ಲಿ ನೀರು ಹೇಗೆ ಎಂದು ಕೇಳಿದೆ. ಅವರು ಇರುವುದು ಕೆ.ಆರ್. ಪುರದ ಆಚೆಯ ಒಂದು ಓಣಿಯಲ್ಲಿ, ಬಾಡಿಗೆ ಕೋಣೆ.

"ನಮ್ಮ ಓಣ್ಯಾಗ ಪೈಪ ಇಲ್ರಿ," ಎಂದು ನಕ್ಕರು. "ಟ್ಯಾಂಕರ್ ಬರ್ತೈತಿ. ಬಂದಾಗ ಕೊಡ ಹಿಡ್ಕೊಂಡು ಓಡೋದು."

ಊರಿನ ಅಷ್ಟು ಪೈಪುಗಳ ಉಸಿರನ್ನು ಬಲ್ಲ ಮನುಷ್ಯ ಕೊಡ ಹಿಡಿದು ಓಡುತ್ತಾರೆ. ನಾನು ಸೌಟು ಹಿಡಿದು ನಿಂತೇ ಇದ್ದೆ. ಅವರು ಮಜ್ಜಿಗೆ ಕೇಳಿದಾಗಲೇ ಎಚ್ಚರವಾದದ್ದು.

ಮಾರುಕಟ್ಟೆ ರಸ್ತೆಯ ಗದ್ದಲ ಆ ಶುಕ್ರವಾರ ಮಧ್ಯಾಹ್ನದೊಳಗೇ ಮೊದಲಿನಂತಾಯಿತು. ಹಾರ್ನಿನ ವಿಷಯದಲ್ಲಿ ಯಾವ ಪವಾಡವೂ ನಡೆದಿಲ್ಲ. ನಮ್ಮ ಮೋಟರನ್ನು ಬಿಚ್ಚಿಸಿದೆವು. ಅಡ್ಡರಸ್ತೆಯಲ್ಲಿ ಎರಡು ಮೂರು ಮನೆಯವರು ಬಿಚ್ಚಿಸಿದರು, ಉಳಿದವರು ಮಳೆಗಾಲ ಕಳೆಯುವುದರೊಳಗೆ ಮತ್ತೆ ಚಾಲೂ ಮಾಡಿಕೊಂಡರು ಎಂದು ಕೇಳಿದ್ದೇನೆ. ನಮ್ಮ ಯಜಮಾನರಿಗೆ ಈಗಲೂ ಸಂಪು ತುಂಬುವುದಿಲ್ಲ ಎಂಬ ಗೊಣಗಾಟವಿದೆ.

ಆ ಹಿರಿಯರ ಓಣಿಗೆ ನಾನು ಒಮ್ಮೆ ಹೋಗಿ ಬಂದೆ. ಮನೆಗಳನ್ನು ಎಣಿಸಿ, ಎಲ್ಲರ ಹೆಬ್ಬೆಟ್ಟು, ಸಹಿ ತೆಗೆದುಕೊಂಡು, ಕುಡಿಯುವ ನೀರಿನ ಪೈಪಿಗಾಗಿ ಅರ್ಜಿ ಬರೆದೆ. ಅರ್ಜಿ ಹೇಗಿದ್ದರೆ ತಿರಸ್ಕಾರವಾಗುತ್ತದೆ ಎನ್ನುವುದು ನನ್ನಷ್ಟು ಬೇರೆ ಯಾರಿಗೆ ಗೊತ್ತು? ಹಾಗಾಗಿ ಅದನ್ನು ನಾಲ್ಕು ಸಲ ತಿದ್ದಿದೆ. ಅದೀಗ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿದೆ. ತಿಂಗಳಿಗೊಮ್ಮೆ ಮೆಟ್ರೋ ಹತ್ತಿ ಕೆ.ಆರ್. ಪುರದ ನೀರಿನ ಕಚೇರಿಗೆ ಹೋಗಿ, ಅರ್ಜಿ ಎಲ್ಲಿಗೆ ಬಂತೆಂದು ವಿಚಾರಿಸುತ್ತೇನೆ. ಕಳೆದ ಸಲ ಗುಮಾಸ್ತರು ನನ್ನನ್ನು ಕಂಡೊಡನೆ ಕುರ್ಚಿ ಎಳೆದು, "ಬನ್ನಿ ಮೇಡಂ, ಕೂತ್ಕೊಳ್ಳಿ, ಫೈಲ್ ತರ್ತೀನಿ," ಎಂದರು.