ಹೆಸರು ಒಬ್ಬರದು, ಮುಖ ಇನ್ನೊಬ್ಬರದು

ಬೀದಿಯವರೆಲ್ಲ ಅವಳನ್ನು ಕಂಪ್ಯೂಟರಕ್ಕ ಎನ್ನುತ್ತಿದ್ದರು. ದೊಡ್ಡಪ್ಪನ ಫೋಟೊ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು ಮಾಸಿದ ಚಿತ್ರಗಳ ಕಲೆ ತೆಗೆಯುವುದು ಅವಳ ಕೆಲಸ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. ಕೆಲಸದಲ್ಲಿ ಮಾತ್ರ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಹಳೆಯ ನೆಗೆಟಿವ್‌ಗಳು ಬೂಸ್ಟು ಹಿಡಿದು ಎಂದೋ ಕಸಕ್ಕೆ ಹೋಗಿದ್ದವು. ಮುಂಚೆಯೇ ಸ್ಕ್ಯಾನ್ ಮಾಡಿಟ್ಟಿದ್ದ ಚಿತ್ರಗಳೆಲ್ಲ ಒಂದು ಡಿಸ್ಕಿನಲ್ಲಿ ಉಳಿದಿದ್ದವು. ಅದೂ ಕೆಡುತ್ತ ಬಂದಾಗ, ಹೊಸ ಡಿಸ್ಕಿಗೆ ನಕಲು ಮಾಡಲು ಅವಳೇ ಒಂದು ಪ್ರೋಗ್ರಾಂ ಬರೆದಳು. ಓದಲಾಗದ ಫೈಲ್ ಎದುರಾದಾಗಲೆಲ್ಲ ಅದು ನಿಂತುಬಿಡುತ್ತಿತ್ತು.

"ಇದೇನಮ್ಮಾ, ಮೊಂಡು ಕತ್ತೆ ಥರ ಹೆಜ್ಜೆಗೊಂದ್ಸಲ ನಿಲ್ಲುತ್ತೆ!" ಎಂದು ದೊಡ್ಡಪ್ಪ ಹಂಗಿಸಿದರು.

ರೇಗಿದ ಅವಳು, ದೋಷ ಬಂದರೂ ನಿಲ್ಲದೆ ಮುಂದೆ ಹೋಗು ಎಂದು ಒಂದು ಸಾಲು ಸೇರಿಸಿದಳು. ಸಂಜೆಯೊಳಗೆ ಕೆಲಸ ಮುಗಿಯಿತು. ಎಲ್ಲವೂ ಸರಿಯಾಗಿದೆ ಎಂದಿತು ಪರದೆ.

ಮೊದಲು ಬಂದವನು ಎದುರು ಅಂಗಡಿಯ ದರ್ಜಿ. ಅವನನ್ನು ಹೆತ್ತ ದಿನವೇ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿದ್ದ ಒಂದೇ ಚಿತ್ರವನ್ನು ಅವನಿಗೆ ಬುದ್ಧಿ ಬರುವ ಮೊದಲೇ ಗೆದ್ದಲು ತಿಂದಿತ್ತು. ಇದೇ ಸ್ಟುಡಿಯೊದಲ್ಲಿ ತೆಗೆಸಿದ್ದ ಆ ಚಿತ್ರದ ಹೊಸ ಪ್ರಿಂಟು ಕೈಗೆ ಬಂದದ್ದೇ, ಅವನು ಅದನ್ನು ಕನ್ನಡಿಯ ಪಕ್ಕ ಹಿಡಿದ.

"ಅಕ್ಕಾ, ಮೂಗು ನೋಡಿ, ನಂದೇ ಅಲ್ವಾ? ಅಮ್ಮ ಇಷ್ಟು ಚೆನ್ನಾಗಿದ್ಲಾ!"

ವಾರದ ನಂತರ ಒಂದು ಮಧ್ಯಾಹ್ನ ನರ್ಸೊಬ್ಬಳ ಮಗಳು ತಾಯಿಯ ಹರೆಯದ ಫೋಟೊ ಕೇಳಿಕೊಂಡು ಬಂದಳು. ಕಂಪ್ಯೂಟರಕ್ಕ ತೆರೆದು ನೋಡಿದರೆ ದರ್ಜಿಗೆ ಕೊಟ್ಟಿದ್ದ ಅದೇ ಮುಖ, ಕುತ್ತಿಗೆಯ ಮೇಲೆ ಅದೇ ಮಚ್ಚೆ.

"ಹ್ಞೂಂ, ಅಮ್ಮಾನೇ," ಎಂದಳು ಮಗಳು.

ಹೊರಗೆ ಸ್ಕೂಟರಿನ ಮೇಲೆ ಕೂತಿದ್ದ ನರ್ಸು ಒಳಗೆ ಇಣುಕಿ ನಕ್ಕಳು. ಕೂದಲು ನೆರೆತಿತ್ತು, ಮಚ್ಚೆ ಇದ್ದಲ್ಲೇ ಇತ್ತು.

ಕಂಪ್ಯೂಟರಕ್ಕ ತಾನು ಬರೆದ ಪ್ರೋಗ್ರಾಮನ್ನು ತೆರೆದು ಸಾಲು ಸಾಲಾಗಿ ನೋಡಿದಳು. ಒಂದು ಫೈಲು ಓದಲಾಗದೆ ಹೋದಾಗ ಪ್ರೋಗ್ರಾಂ ನಿಂತಿರಲಿಲ್ಲ. ಅದಕ್ಕಿಂತ ಮುಂಚೆ ಓದಿ ನೆನಪಿನಲ್ಲಿ ಇಟ್ಟುಕೊಂಡಿದ್ದ ಚಿತ್ರವನ್ನೇ ಆ ಓದಲಾಗದ ಫೈಲಿನ ಹೆಸರಿನಡಿ ಬರೆದಿತ್ತು. ಹುಡುಕಿದಷ್ಟೂ, ಬೇರೆ ಬೇರೆ ಹೆಸರುಗಳ ಒಳಗಿನಿಂದ ಒಂದೇ ಮುಖ ಅವಳತ್ತ ನೋಡುತ್ತಿತ್ತು.

ಅವಳು ಆ ಸಾಲನ್ನು ಅಳಿಸಿ, ಓದಲು ಸಿಕ್ಕಿದ್ದನ್ನಷ್ಟೇ ಬರೆ, ಉಳಿದದ್ದನ್ನು ಖಾಲಿ ಬಿಡು ಎಂದು ತಿದ್ದಿದಳು. ಹಳೆಯ ಡಿಸ್ಕು ಕಿರುಗುಟ್ಟುತ್ತ ದರ್ಜಿಯ ತಾಯಿಯನ್ನು ಅರ್ಧ ಕೊಟ್ಟಿತು: ಬೈತಲೆ, ಹಣೆ, ಒಂದು ಕಣ್ಣು. ಅದರ ಕೆಳಗೆ ಬರಿಯ ಬೂದು.

ಹೇಳಿ ಕಳಿಸಿದಾಗ ದರ್ಜಿ, ತಾಯಿಯ ಒಡಹುಟ್ಟಿದ ತಂಗಿಯನ್ನೂ ಕರೆತಂದ.

"ತಪ್ಪು ನಂದು. ಮೊದಲು ಕೊಟ್ಟಿದ್ದು ನಿಮ್ಮ ತಾಯಿ ಚಿತ್ರ ಅಲ್ಲ. ಇದು ಅವರದು."

ಚಿಕ್ಕಮ್ಮ ಕನ್ನಡಕ ಏರಿಸಿ ನೋಡಿದಳು. "ತಲೆ ನೆಟ್ಟಗಿದೆಯೇನಮ್ಮಾ ನಿಂಗೆ? ಒಂದೇ ಹೊಟ್ಟೇಲಿ ಹುಟ್ಟಿದೋಳು ನಾನು. ಮೊದಲು ಕೊಟ್ಟ ಚಿತ್ರದಲ್ಲಿರೋ ಅಕ್ಕನ ಆ ಮಚ್ಚೇನ ಚಿಕ್ಕಂದಿನಲ್ಲಿ ಎಷ್ಟು ಸಲ ಚಿವುಟಿದ್ದೀನಿ!"

"ಅದು ಇನ್ನೂ ಬದುಕಿರೋ ಒಬ್ಬ ನರ್ಸಮ್ಮನ ಮುಖ."

ಚಿಕ್ಕಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ದರ್ಜಿ ಅರ್ಧ ಚಿತ್ರವನ್ನು ಮೆಲ್ಲಗೆ ಇತ್ತ ಸರಿಸಿದ. "ಗೋಡೆಗೆ ಹಾಕಿ ಆಯ್ತು, ಅಕ್ಕಾ. ದಿನಾ ಮಾತಾಡ್ತೀನಿ. ಇದು ಯಾರದ್ದೋ, ಅವರ ಮನೆಯವರಿಗೇ ಕೊಡಿ."

ಬಾಗಿಲಲ್ಲಿ ಅವನು ಒಮ್ಮೆ ತಿರುಗಿ ನೋಡಿದ. ಅವನ ಎಡಹುಬ್ಬು ನಡುವೆ ಕತ್ತರಿಸಿದಂತೆ ಮುರಿದಿತ್ತು. ಮೇಜಿನ ಮೇಲಿದ್ದ ಒಂಟಿ ಕಣ್ಣಿನ ಹುಬ್ಬೂ ಹಾಗೆಯೇ ಇತ್ತು. ಕಂಪ್ಯೂಟರಕ್ಕ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮ ಅವನ ರಟ್ಟೆ ಹಿಡಿದು ಬೀದಿ ದಾಟಿಸಿದ್ದಳು.